ಮೇಲಿನ ಪದರ

ಹೊಳೆದಂಡೆಯ ಆ ಮಠದಲ್ಲಿ ಮುನ್ನೂರು ಕಟ್ಟು ಓಲೆಗರಿಗಳಿದ್ದವು. ಏಳು ತಲೆಮಾರಿನ ಗುರುಗಳು ಬರೆದಿಟ್ಟದ್ದು. ಈಗ ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತಿದ್ದವು.

ಜೀರ್ಣವಾದ ಓಲೆಯನ್ನು ನಕಲು ಮಾಡಿಕೊಂಡು ಹೊಳೆಗೆ ಬಿಡುವುದು ಅಲ್ಲಿನ ಪದ್ಧತಿ. ನಕಲು ಮಾಡಿದ ಶಿಷ್ಯ ಕೊನೆಗೆ ತನ್ನದೂ ನಾಲ್ಕು ಮಾತು ಸೇರಿಸಬೇಕು. ಈ ಸಲದ ಸರದಿ ಅಡವಯ್ಯನದು.

ಮಠದ ಈಗಿನ ಗುರುಗಳಾದ ಅಜ್ಜಾರು ಸನ್ಯಾಸಕ್ಕೆ ಮುಂಚೆ ಡಿಸ್ಕ್ ತಯಾರಿಸುವ ಕಾರ್ಖಾನೆಯಲ್ಲಿದ್ದವರು. ಕಾವಿ ಉಟ್ಟರೂ ಯಂತ್ರದ ನಂಟು ಬಿಟ್ಟಿರಲಿಲ್ಲ. ಬೆಳಕಿನಿಂದ ಡಿಸ್ಕಿಗೆ ಬರೆಯುವ, ಬರೆದದ್ದನ್ನು ಓದುವ ಯಂತ್ರವೊಂದನ್ನು ಹಿತ್ತಲ ಕೋಣೆಯಲ್ಲಿ ಇಟ್ಟುಕೊಂಡಿದ್ದರು. ಶಿಷ್ಯನ ಅಂಗೈಯಲ್ಲಿ ಒಂದೇ ಒಂದು ಡಿಸ್ಕ್ ಇಟ್ಟರು.

“ಎಲ್ಲಾ ಇದರಾಗ ಹಿಡಿಸು.”

ಅಡವಯ್ಯ ಮೊದಲು ಹಾಳು ಡಿಸ್ಕುಗಳ ಮೇಲೆ ಕೈ ಪಳಗಿಸಿಕೊಂಡ. ಬೆಳಕು ಕೊರೆಯುವ ಸಣ್ಣ ಸಣ್ಣ ಕುಳಿಗಳೇ ಇಲ್ಲಿ ಅಕ್ಷರ. ಒಂದು ಕೂದಲಿನ ಅಗಲದಲ್ಲಿ ನಲವತ್ತು ಸಾಲು! ಅವನಿಗೆ ಮೈ ಜುಮ್ಮೆಂದಿತು.

ಆದರೂ ಹತ್ತು ಕಟ್ಟಿಗೇ ಒಂದು ಹಾಳು ಡಿಸ್ಕ್ ತುಂಬಿಹೋಯಿತು. ಕುಳಿಗಳನ್ನು ಇನ್ನೂ ಕಿರಿದು ಮಾಡಿದ, ಸಾಲುಗಳನ್ನು ಒತ್ತಿದ. ಜೋಲು ಮೋರೆ ಹಾಕಿಕೊಂಡು ಬಂದ.

“ಯಂತ್ರಕ್ಕ ಓದಾಕ ಬರವಲ್ದ್ರಿ ಅಜ್ಜಾರ. ಎಲ್ಲಾ ಒಂದರಾಗೊಂದು ಕಲಸಿ ಹೋಗ್ತಾವು.”

ಅಜ್ಜಾರು ಒಂದು ಓಲೆಯನ್ನು ಅವನ ಮುಂದಿಟ್ಟರು. “ಕಣ್ಣು ಮುಚ್ಚು. ಹೆಬ್ಬೆರಳಲೆ ಓದು.”

ಸವರಿದ. ಏನೂ ತಿಳಿಯಲಿಲ್ಲ.

“ಈಗ ಉಗುರಿನ ತುದೀಲೆ ಓದು.”

ಕೊರೆದ ಅಕ್ಷರದ ತಿರುವು ಉಗುರಿಗೆ ಸಿಕ್ಕಿತು. ಅಡವಯ್ಯ ಬೆರಗಾಗಿ ಕಣ್ಣು ತೆರೆದ.

“ಅಕ್ಷರ ಅವೇ ಅದಾವಲ್ಲೋ ತಮ್ಮಾ? ನಿನ್ನ ಕೆಂಪು ಬೆಳಕು ಹೆಬ್ಬೆರಳು. ನೀಲಿ ಬೆಳಕು ಹಾಕಿ ನೋಡು.”

ಅಜ್ಜಾರು ಕೊಟ್ಟ ಡಿಸ್ಕಿಗೆ ನೀಲಿ ಬೆಳಕು ಹಾಕಿದ. ಕೂದಲಿನ ಅಗಲದಲ್ಲಿ ಇನ್ನೂರು ಸಾಲು ಹಿಡಿಸಿದವು, ಒಂದೊಂದೂ ಸ್ಪಷ್ಟ. ಏಳು ತಲೆಮಾರು ಒಂದು ಅಂಗೈಯಲ್ಲಿ ಕುಳಿತಿತ್ತು. ಅಡವಯ್ಯ ಡಿಸ್ಕಿಗೆ ಕೈ ಮುಗಿದ.

ಆಮೇಲೆ ನೆನಪಾಯಿತು. “ಅಜ್ಜಾರ, ನನ್ನ ಮಾತಿಗೆ ಜಾಗಾನ ಉಳೀಲಿಲ್ಲ.”

“ಅದರ ಮ್ಯಾಲೆ ಇನ್ನೊಂದು ಪದರ ಹಾಕು. ಬೆಳಕಿಗೆ ಮ್ಯಾಲೂ ನೋಡಾಕ ಬರ್ತೈತಿ, ಆಳಕ್ಕೂ ನೋಡಾಕ ಬರ್ತೈತಿ.”

ಬರೆದದ್ದರ ಮೇಲೆಯೇ ಬರೆಯುವುದು, ಎರಡನ್ನೂ ಓದುವುದು! ಅಡವಯ್ಯನಿಗೆ ಊಟ ರುಚಿಸಲಿಲ್ಲ. ಕುಳಿತ, ಬರೆದ. ನಾಲ್ಕು ಮಾತು ನಾನೂರಾದವು. ಬೆಳಕು ತಾಗಿ ತಿರುಗಿ ಬರಲೆಂದು ಮೇಲಿನ ಪದರಕ್ಕೆ ತೆಳುವಾಗಿ ಬೆಳ್ಳಿಯ ಲೇಪ ಕೊಟ್ಟು ನೋಡಿದ. ಅವನ ಮಾತು ಕೊಂಚ ಮಂಕಾಗಿ ಕಂಡಿತು. ಮನಸ್ಸು ಒಪ್ಪಲಿಲ್ಲ. ಇನ್ನೊಂದು ಲೇಪ, ಮತ್ತೊಂದು ಲೇಪ. ಡಿಸ್ಕ್ ಕನ್ನಡಿಯಾಯಿತು. ಯಂತ್ರ ಅವನ ಮಾತನ್ನು ತಡವರಿಸದೆ ಓದಿತು.

ಹುಣ್ಣಿಮೆಯ ಬೆಳಿಗ್ಗೆ ಮುನ್ನೂರು ಕಟ್ಟುಗಳನ್ನೂ ಹರಿಗೋಲಿಗೆ ಏರಿಸಿದರು. ಅಂಬಿಗರ ದುರಗಪ್ಪ ಹುಟ್ಟು ಹಿಡಿದು ನಿಂತ.

“ತಡಿಯಪಾ ದುರಗಪ್ಪ,” ಎಂದರು ಅಜ್ಜಾರು. “ಅಡವಯ್ಯ, ಹೊಳಿಗೆ ಬಿಟ್ಟದ್ದು ತಿರುಗಿ ಬರಂಗಿಲ್ಲ. ಮೊದಲನೇ ಗುರುಗಳ ಒಂದು ಸಾಲು ಓದಿಸಿ ತೋರಿಸು.”

ಅಡವಯ್ಯ ಕೋಣೆಗೆ ಓಡಿ ಡಿಸ್ಕನ್ನು ಯಂತ್ರಕ್ಕಿಟ್ಟ. ಅಜ್ಜಾರು ಹಿಂದೆಯೇ ಬಂದು ನಿಂತರು. ಯಂತ್ರದ ತೆರೆಯ ಮೇಲೆ ಅವನ ಮಾತು ಬಂತು. ಕೆಳಗಿನ ಪದರಕ್ಕೆ ಬೆಳಕನ್ನು ಇಳಿಸಿದ. ಏನೂ ಬರಲಿಲ್ಲ. ಮತ್ತೆ ಇಳಿಸಿದ. ತೆರೆ ಕಪ್ಪಾಗಿಯೇ ಉಳಿಯಿತು.

ಇನ್ನೊಂದು ಗಳಿಗೆ ತಡವಾಗಿದ್ದರೆ ಏಳು ತಲೆಮಾರು ನೀರುಪಾಲಾಗುತ್ತಿತ್ತು.

“ನಿನ್ನೆ ಮೊನ್ನೆ ಚಲೋ ಓದತಿತ್ತು ಅಜ್ಜಾರ! ಮ್ಯಾಲಿನ ಪದರ ಹಾಕೂಕಿಂತ ಮೊದಲ ನಾನ ನೋಡೀನಿ.”

“ಹಾಕಿದ ಮ್ಯಾಲೆ?”

“ನನ್ನದಷ್ಟ ನೋಡಿದೆ.” ಹೇಳಿ ತಲೆ ತಗ್ಗಿಸಿದ.

ಅಜ್ಜಾರು ಡಿಸ್ಕನ್ನು ತೆಗೆದು ಅವನ ಮುಖದ ಮುಂದೆ ಹಿಡಿದರು. ಅದರಲ್ಲಿ ಅಡವಯ್ಯನ ಮುಖವೇ ಕಂಡಿತು, ಕಣ್ಣಿನ ನೀರು ಸಮೇತ. ಬೆಳಕೆಲ್ಲ ಅವನ ಬೆಳ್ಳಿಗೆ ಬಡಿದು ತಿರುಗಿ ಬರುತ್ತಿತ್ತು. ಕೆಳಗೆ ಒಂದು ಹನಿಯೂ ಇಳಿದಿರಲಿಲ್ಲ.

ಅವನು ಹೊರಗೆ ಓಡಿ ಹರಿಗೋಲಿನ ಹಗ್ಗವನ್ನು ಮತ್ತೆ ಗೂಟಕ್ಕೆ ಬಿಗಿದು ಬಂದ.

“ಬೆಳ್ಳಿ ತೆಳು ಮಾಡಿದ್ರ ಅರ್ಧ ಬೆಳಕು ಕೆಳಗ ದಾಟತೈತ್ರಿ,” ಎಂದ. “ಅವರೆಲ್ಲಾ ಕಾಣ್ತಾರ. ಆದ್ರ ಅಜ್ಜಾರ, ನಾ ಮಸುಕಾಗ್ತೀನ್ರಿ.”

ಅಜ್ಜಾರು ನಕ್ಕರು.

“ಹನ್ನೆರಡು ವರ್ಸ ನನ್ನ ಬಾಯಿಂದ ನಮ್ಮ ಗುರುಗಳ ಮಾತು ಕೇಳೀದಿ. ನಾ ನಿನಗ ಎಂದರ ಮಸುಕಾಗಿ ಕಂಡೀನೇನು?”