ಒಂದೂ ತಪ್ಪಾಡದ ಹುಡುಗಿ

"ಸರ್, ಒಂದೂ ತಪ್ಪಿಲ್ಲದೆ ಮಾತಾಡುವುದಕ್ಕೆ ಏನು ಮಾಡಬೇಕು?"

ಕಲ್ಲೇಶ ಹೀಗೆ ಕೇಳಿದ್ದು ತರಗತಿ ಮುಗಿದು ಎಲ್ಲರೂ ಹೊರಟುಹೋದ ಮೇಲೆ. ಅವನು ಆ ವರ್ಷ ಕಾಲೇಜಿನಲ್ಲಿ ಸ್ಪ್ಯಾನಿಷ್ ಕಲಿಯಲು ಸೇರಿದ್ದ. ಅಂದು ಎದ್ದು ನಿಂತು ಮನೆಯವರ ಬಗ್ಗೆ ನಾಲ್ಕು ಮಾತು ಹೇಳಲು ಹೋಗಿ ತಡವರಿಸಿದ್ದ. ಹಿಂದಿನ ಬೆಂಚಿನವರು ಬಿದ್ದು ಬಿದ್ದು ನಕ್ಕರು. ಮುಂದಿನ ಬೆಂಚಿನ ಹುಡುಗಿಯರೂ ನಕ್ಕರು. ಅವನಿಗೆ ಹೆಚ್ಚು ನೋವಾದದ್ದು ಅದಕ್ಕೇ.

"ನಾಚಿಕೆಯಿಂದ ಸಾಯುವ ಹಾಗಾಯಿತು ಸರ್. ಪುಸ್ತಕವೆಲ್ಲ ಬಾಯಿಪಾಠ ಆಗುವ ತನಕ ನಾನಿನ್ನು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ" ಎಂದ.

ಮೇಷ್ಟ್ರು ವಿರೂಪಾಕ್ಷಯ್ಯನವರು ಬೋರ್ಡು ಒರೆಸುತ್ತಿದ್ದರು. ತಿರುಗಿ ನೋಡಿದರು.

"ಒಂದೂ ತಪ್ಪಾಗಬಾರದೋ? ಸರಿಹೋಯಿತು! ಅಂಥವಳೊಬ್ಬಳ ಕತೆ ಹೇಳುತ್ತೇನೆ, ಕೂತುಕೋ. ಮುಗಿಯುವ ತನಕ ನಡುವೆ ಬಾಯಿ ಹಾಕಬೇಡ" ಎಂದು ಹೇಳತೊಡಗಿದರು.

ಒಂದು ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ನಿನ್ನ ಹಾಗೆಯೇ ಸ್ಪ್ಯಾನಿಷಿಗೆ ಹೊಸಬಳು. ಜಾಣೆ. ಚಿಕ್ಕಂದಿನಿಂದ ಭಾಷಣ ಸ್ಪರ್ಧೆ ಎಂದರೆ ಬಹುಮಾನ ಅವಳಿಗೇ. ಗೆಲ್ಲುತ್ತಿದ್ದದ್ದು ಹೇಗೆ ಅಂತೀಯ? ಯಾರೋ ಬರೆದುಕೊಟ್ಟದ್ದನ್ನು ಉರು ಹೊಡೆದು, ಎದುರಿಗೆ ಕೂತವರ ತಲೆಯ ಮೇಲಿಂದ ಹಿಂದಿನ ಗೋಡೆ ನೋಡುತ್ತ ಗಿಣಿಯ ಹಾಗೆ ಒಪ್ಪಿಸಿ. ನಮ್ಮ ಶಾಲೆಗಳಲ್ಲಿ ಹೇಳಿಕೊಡುವುದೂ ಹಾಗೇ ತಾನೆ? ಜನರ ಮುಖ ನೋಡಿದರೆ ಮರೆತುಹೋಗುತ್ತದೆ, ಗೋಡೆ ನೋಡು ಅನ್ನುತ್ತಾರೆ. ಅವಳು ಗೋಡೆ ನೋಡಿಯೇ ಕಾಲೇಜಿನವರೆಗೆ ಬಂದವಳು.

ಸ್ಪ್ಯಾನಿಷನ್ನೂ ಅವಳು ಹಾಗೆಯೇ ಕಲಿತಳು. ಪುಸ್ತಕದಲ್ಲಿ ಒಂದು ಸಂಭಾಷಣೆ ಇತ್ತು. ಇಬ್ಬರು ಭೇಟಿಯಾಗುತ್ತಾರೆ. ಒಬ್ಬರು ಹೇಗಿದ್ದೀರಿ ಎಂದರೆ ಇನ್ನೊಬ್ಬರು ಚೆನ್ನಾಗಿದ್ದೇನೆ ಅನ್ನುತ್ತಾರೆ. ಆಮೇಲೆ ಮಕ್ಕಳಿದ್ದಾರೆಯೇ, ವಯಸ್ಸೆಷ್ಟು, ಏನು ಮಾಡುತ್ತಾನೆ, ಕೊನೆಗೆ ನಮಸ್ಕಾರ ತಿಳಿಸಿ. ಇಷ್ಟೇ. ಹಾಸ್ಟೆಲಿನ ಗೆಳತಿಯನ್ನು ಎದುರಿಗೆ ಕೂರಿಸಿಕೊಂಡು ಇವಳು ಅದನ್ನು ಮಗ್ಗಿಯ ಹಾಗೆ ಬಾಯಿಗೆ ತಂದುಕೊಂಡಳು. ಗೆಳತಿ ಪುಸ್ತಕ ಹಿಡಿದು ಅದರಲ್ಲಿದ್ದ ಉತ್ತರವನ್ನೇ ಓದುತ್ತಿದ್ದಳು. ಅದು ಮುಗಿಯುವುದೇ ತಡ, ಇವಳು ಮುಂದಿನ ಪ್ರಶ್ನೆ ಹಾಕುತ್ತಿದ್ದಳು. ಮಗ್ಗಿಯ ಹಣೆಬರಹ ನಿನಗೆ ಗೊತ್ತಲ್ಲ, ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಹಾಗಾಗಿ ಅವಳು ಎಲ್ಲಿಯೂ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಆ ಊರಿಗೆ ಸ್ಪೇನ್ ದೇಶದಿಂದ ಒಬ್ಬ ತಾಯಿ ಬಂದಳು. ವಯಸ್ಸಾದವಳು. ಅವಳ ಮಗ ಹಿಂದೆ ಕೆಲವು ಕಾಲ ಆ ಊರಿನಲ್ಲಿದ್ದು, ಅಲ್ಲಿಯ ನೇಕಾರರ ಕೆಲಸ ನೋಡಿಕೊಂಡು ಹೋಗಿದ್ದ. ಮನೆಗೆ ಹೋದ ಮೇಲೂ ಅವನ ಬಾಯಲ್ಲಿ ಆ ಊರಿನದೇ ಮಾತು. ತಾಯಿ ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂದು ಬಂದಿದ್ದಳು. ಆದರೆ ಅವಳು ಯಾಕೆ ಬಂದಳೆಂದು ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಅವಳಿಗೆ ಕನ್ನಡ ಬಾರದು, ಇಂಗ್ಲಿಷೂ ಅಷ್ಟಕ್ಕಷ್ಟೇ. ಬಂದಾಗಿನಿಂದ ಕೈಸನ್ನೆ ಬಾಯಿಸನ್ನೆಯಲ್ಲೇ ದಿನ ದೂಡುತ್ತಿದ್ದಳು.

ಕಾಲೇಜಿನ ಪ್ರಿನ್ಸಿಪಾಲರಿಗೆ ಸುದ್ದಿ ಮುಟ್ಟಿತು. ಸ್ಪೇನಿನವರು ಊರಿಗೆ ಬಂದಿದ್ದಾರೆ, ನಮ್ಮ ಕಾಲೇಜಿನಲ್ಲಿ ಸ್ಪ್ಯಾನಿಷ್ ಇದೆ. ಬಿಡುವುದುಂಟೇ? ಕರೆಸಿಯೇಬಿಟ್ಟರು. ಸಭೆ ಸೇರಿಸಿದರು. ಹಾರ ಹಾಕಿದರು, ಶಾಲು ಹೊದಿಸಿದರು, ತಲೆಗೆ ಪೇಟ ಇಟ್ಟರು. ಪಾಪ, ಆ ತಾಯಿ ಪೇಟ ಜಾರದ ಹಾಗೆ ಒಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು.

ಆಮೇಲೆ ವಿದ್ಯಾರ್ಥಿನಿಯನ್ನು ವೇದಿಕೆಗೆ ಕರೆದರು. ಅತಿಥಿಗಳೊಂದಿಗೆ ಅವರದೇ ಭಾಷೆಯಲ್ಲಿ ಸಂಭಾಷಣೆ ಎಂದು ಸಾರಿದರು. ಎದುರುಬದುರು ಎರಡು ಕುರ್ಚಿ ಹಾಕಿ, ಮೈಕನ್ನು ಹುಡುಗಿಯ ಕೈಗೆ ಕೊಟ್ಟರು. ತಾಯಿಯ ಮುಂದೆ ಮೈಕು ಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಹೇಗಿದ್ದೀರಿ ಅಮ್ಮ ಎಂದು ಹುಡುಗಿ ಶುರು ಮಾಡಿದಳು. ಉಚ್ಚಾರ ಸ್ವಚ್ಛವಾಗಿತ್ತು. ತಾಯಿಯ ಮುಖ ಅರಳಿತು. ತನ್ನ ಮಾತು ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತೋ! ಚೆನ್ನಾಗಿದ್ದೇನೆ ಎಂದು ಮುಂದಕ್ಕೆ ಬಾಗಿ ಹುಡುಗಿಯ ಕೈ ಹಿಡಿದುಕೊಂಡಳು.

"ನಿಮಗೆ ಮಕ್ಕಳಿದ್ದಾರೆಯೇ?" ಹುಡುಗಿ ಕೇಳಿದಳು.

ತಾಯಿ, ಒಬ್ಬರಾದರೂ ಕೇಳಿದರಲ್ಲ ಎಂದು ಬಾಯಿ ಬಿಟ್ಟಳು. "ಒಬ್ಬ ಮಗನಿದ್ದ, ಕಂದಾ. ಹೋದ ವರ್ಷ ತೀರಿಕೊಂಡ. ಅವನು ಓಡಾಡಿದ ಊರು ಇದು, ನೋಡಿ ಹೋಗೋಣ ಎಂದು ಬಂದೆ."

ಹುಡುಗಿ ಗೋಡೆ ನೋಡುತ್ತಿದ್ದಳು. ಎದುರಿನ ದನಿ ನಿಂತದ್ದಷ್ಟೇ ಅವಳ ಗಮನಕ್ಕೆ ಬಂತು. ದನಿ ನಿಂತರೆ ತನ್ನ ಸರದಿ. "ಕೆ ಬಿಯೆನ್!" ಎಂದಳು. ಎಷ್ಟು ಚೆನ್ನಾಗಿದೆ ಎಂದು ಅರ್ಥ. ಅಲ್ಲಿ ನಗಬೇಕೆಂದು ಪುಸ್ತಕದಲ್ಲಿತ್ತು, ನಕ್ಕಳು ಕೂಡ. "ಅವನ ವಯಸ್ಸೆಷ್ಟು?"

ತಾಯಿ ಅವಳನ್ನೇ ನೋಡಿದಳು. ಹಿಡಿದ ಕೈ ಸಡಿಲವಾಯಿತು. ಯಾವುದೋ ಒಂದು ವಯಸ್ಸು ಹೇಳಿದಳು, ಮೆಲ್ಲಗೆ.

"ಏನು ಮಾಡುತ್ತಾನೆ?"

"ಏನೂ ಇಲ್ಲ" ಎಂದಳು ತಾಯಿ.

"ಬಹಳ ಸಂತೋಷ. ಅವನಿಗೆ ನನ್ನ ನಮಸ್ಕಾರ ತಿಳಿಸಿ."

ಸಭೆಗೆ ಸಭೆಯೇ ಚಪ್ಪಾಳೆ ತಟ್ಟಿತು. ಪ್ರಿನ್ಸಿಪಾಲರಂತೂ ಎದ್ದು ನಿಂತು ತಟ್ಟಿದರು. ತಾಯಿಯ ಮಾತು ಕೇಳಿಸಿ ಅರ್ಥವಾದದ್ದು ಮುಂದಿನ ಸಾಲಿನಲ್ಲಿ ಕೂತಿದ್ದ ಸ್ಪ್ಯಾನಿಷ್ ಮೇಷ್ಟರೊಬ್ಬರಿಗೇ. ಅವರು ತಲೆ ಎತ್ತಲಿಲ್ಲ. ತಾಯಿ ಎಲ್ಲರಿಗೂ ಕೈಮುಗಿದು, ಪೇಟವನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದಳು.

ಹುಡುಗಿ ವೇದಿಕೆಯಿಂದ ಓಡಿಬಂದು ಮೇಷ್ಟರ ಮುಂದೆ ನಿಂತಳು. "ಸರ್, ಎಲ್ಲೂ ತಪ್ಪಾಗಲಿಲ್ಲ ಅಲ್ವಾ?" ಮೇಷ್ಟರಿಗೆ ರೇಗಿತು. ಆದರೆ ಅವಳ ಖುಷಿ ನೋಡಿ ಸಿಟ್ಟು ನುಂಗಿಕೊಂಡು, ತಾಯಿ ಹೇಳಿದ್ದೇನೆಂದು ಬಿಡಿಸಿ ಹೇಳಿದರು. ಮಗ, ವರ್ಷ, ಊರು. ಎಲ್ಲ ಮೊದಮೊದಲ ಪಾಠಗಳ ಪದಗಳೇ. ಅವಳಿಗೆ ಒಂದೊಂದೂ ಗೊತ್ತಿತ್ತು. ಕಿವಿಗೊಟ್ಟಿದ್ದರೆ ತಿಳಿಯುತ್ತಿತ್ತು. ಭಾಷೆ ಬರಲಿಲ್ಲ ಎಂದು ಹೇಳಿಕೊಳ್ಳುವ ಹಾಗೂ ಇರಲಿಲ್ಲ.

ಅವಳಿಗೆ ಆಗ ಆದ ನಾಚಿಕೆ ಇದೆಯಲ್ಲ ಕಲ್ಲೇಶ, ಅದರ ಮುಂದೆ ನಿನ್ನ ಇವತ್ತಿನ ನಾಚಿಕೆ ಯಾವ ಲೆಕ್ಕ? ನಿನ್ನನ್ನು ನೋಡಿ ನಾಲ್ಕು ಜನ ನಕ್ಕರು, ನಾಳೆ ಮರೆಯುತ್ತಾರೆ. ಅವಳಿಗೆ ಚಪ್ಪಾಳೆ ತಟ್ಟಿದ್ದರು. ಆ ಚಪ್ಪಾಳೆ ಅವಳ ಕಿವಿ ಬಿಟ್ಟು ಹೋಗಲೊಲ್ಲದು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಭೇಷ್ ಎಂದು ಬೆನ್ನು ತಟ್ಟಲು ಬಂದವರ ಮುಖವನ್ನೂ ಅವಳು ನೋಡಲಾರದೆ ಹೋದಳು.

ಆದರೂ ಗಟ್ಟಿಗಿತ್ತಿ. ಕ್ಷಮೆ ಕೇಳಲೇಬೇಕೆಂದು ಗೇಟಿನ ಕಡೆಗೆ ಓಡಿದಳು. ಕಾರು ಹೊರಡುವುದರಲ್ಲಿತ್ತು. ತಾಯಿ ಒಳಗೆ ಕೂತಿದ್ದಳು. ಹುಡುಗಿ ಏದುಸಿರು ಬಿಡುತ್ತ ಕಿಟಕಿ ಹಿಡಿದು ನಿಂತಳು. ಹೇಳಬೇಕಾದದ್ದು ಎದೆಯ ತುಂಬ ಇತ್ತು. ಹರಕು ಮುರುಕು ಪದ ಜೋಡಿಸಿಯಾದರೂ ಹೇಳಬಹುದಿತ್ತು. ಆದರೆ ಹಾಗೆ ಮಾತಾಡಿ ಅವಳಿಗೆ ಅಭ್ಯಾಸವೇ ಇರಲಿಲ್ಲ. ಬಾಯಿ ತೆರೆದಳು. ಮಗ್ಗಿ ಮೊದಲಿನಿಂದ ಶುರುವಾಯಿತು.

"ಹೇಗಿದ್ದೀರಿ ಅಮ್ಮ?"

ಜೊತೆಗೆ ವೇದಿಕೆಯ ಮೇಲಿನ ಆ ನಗೆಯೂ ತಾನಾಗಿ ಬಂತು.

ತಾಯಿ ಅವಳನ್ನು ನೋಡಿದಳು. ಸಿಟ್ಟೇನೂ ಮಾಡಲಿಲ್ಲ. ಈ ಹುಡುಗಿಯ ಹತ್ತಿರ ಎಷ್ಟು ಮಾತಾಡಿದರೆ ಸಾಕೆಂದು ಅವಳಿಗೆ ತಿಳಿದುಹೋಗಿತ್ತು. "ಚೆನ್ನಾಗಿದ್ದೇನೆ" ಎಂದಳು, ಪುಸ್ತಕದಲ್ಲಿ ಇದ್ದ ಹಾಗೆಯೇ. ಕಾರು ಹೊರಟುಹೋಯಿತು.

ವಿರೂಪಾಕ್ಷಯ್ಯನವರು ಕತೆ ನಿಲ್ಲಿಸಿದರು. ಕಲ್ಲೇಶನ ಮುಖ ಬಾಡಿತ್ತು.

"ಅಯ್ಯೋ, ಎಂಥ ಕೆಲಸವಾಯಿತು ಸರ್" ಎಂದ. ಜೇಬಿನಿಂದ ಪೆನ್ನು ತೆಗೆದು ಅಂಗೈ ಚಾಚಿಕೊಂಡ. "ಮಗ ತೀರಿಕೊಂಡ ಎಂದು ಯಾರಾದರೂ ಹೇಳಿದರೆ ಸ್ಪ್ಯಾನಿಷ್‌ನಲ್ಲಿ ಏನನ್ನಬೇಕು ಸರ್? ಆ ಒಂದು ವಾಕ್ಯ ಹೇಳಿಬಿಡಿ, ಇವತ್ತೇ ಬಾಯಿಪಾಠ ಮಾಡಿಕೊಳ್ಳುತ್ತೇನೆ."

ಮೇಷ್ಟ್ರು ಡಸ್ಟರನ್ನು ಮೇಜಿನ ಮೇಲಿಟ್ಟರು.

"ಆ ತಾಯಿ ಹೇಳಿದ್ದು ನಿನಗೂ ಕೇಳಿಸಲಿಲ್ಲವಲ್ಲೋ, ಕಲ್ಲೇಶ."