ನೀರಾಗಿ ನಿಂತ ಹೊನ್ನಿಗದ್ದೆ

ನೇರಳಕೂರ್ವೆಯ ದೋಣಿಕಟ್ಟೆಯಲ್ಲಿ ಇಳಿದು ಪಡುವಣಕ್ಕೆ ನಡೆದರೆ ಮಣ್ಣಿನ ದಂಡೆ ಒಂದು ಕಡೆ ತಟ್ಟನೆ ತುಂಡಾಗಿದೆ. ಆಚೆ ಹೊಳೆ ಕಡಲು ಸೇರುವ ಅಳಿವೆ. ಈಚೆ ಅಳಿವೆಯ ಕೆಸರಿನಲ್ಲಿ ಬೇರುಬಿಡುವ ಕಾಂಡ್ಲಾ ಗಿಡಗಳು ಸುತ್ತುವರಿದ ಉಪ್ಪುನೀರಿನ ಹರವು. ಭತ್ತದ ಒಂದು ತೆನೆಯೂ ಕಾಣದ ಈ ನೀರಿಗೆ ಊರವರು ಹೊನ್ನಿಗದ್ದೆ ಎನ್ನುತ್ತಾರೆ.

ಹಿಂದೆ ಒಮ್ಮೆ, ಬೆಳೆ ಕೈಕೊಟ್ಟು ಜನ ಗೆಣಸು ಬೇಯಿಸಿ ತಿಂದು ದಿನ ನೂಕುತ್ತಿದ್ದ ಕಾಲದಲ್ಲಿ, ಊರ ಯಜಮಾನ ಬೊಮ್ಮಯ್ಯ ಗಾಂವಕರ ಈ ದಂಡೆಯನ್ನು ಕಟ್ಟಿಸಿದನಂತೆ. ಉಪ್ಪುನೀರನ್ನು ತಡೆದರೆ ಎರಡು ಬೆಳೆ ತೆಗೆಯಬಹುದೆಂಬ ಆಸೆ ಅವನದು. ಕೆಟ್ಟವನಲ್ಲ, ತಾನೂ ಎಲ್ಲರೊಡನೆ ಮಣ್ಣು ಹೊತ್ತವನು. ಗೂಟಕ್ಕೆಂದು ಕಾಂಡ್ಲಾ ಕಾಡನ್ನೆಲ್ಲ ಕಡಿದರು, ನೀರು ಹೋಗಿಬರುತ್ತಿದ್ದ ಕಂಡಿಗಳನ್ನು ಮುಚ್ಚಿದರು. ಕೆಸರಿನಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುತ್ತಿದ್ದ ಅಂಬಿಗರ ವಿಧವೆ ಹೊನ್ನಿ ಎರಡು ಬೇಸಿಗೆ ಬುಟ್ಟಿ ಹೊತ್ತಳು. ಅದಕ್ಕೆ ಪ್ರತಿಯಾಗಿ ದಂಡೆಯ ಬುಡದಲ್ಲೊಂದು ತುಂಡು ಗದ್ದೆ ಸಿಕ್ಕಿತು. ಅವಳ ಕುಲದಲ್ಲಿ ನೆಲವನ್ನು ತನ್ನದೆಂದವರು ಯಾರೂ ಇರಲಿಲ್ಲ. ಮೊದಲ ಸುಗ್ಗಿಯ ಭತ್ತವನ್ನು ಕುಟ್ಟುವಾಗ ಒನಕೆ ಬದಿಗಿಟ್ಟು, ಒಂದು ಮುಷ್ಟಿ ಅಕ್ಕಿ ತೆಗೆದು ಮೂಸುತ್ತ ಕೂತಳಂತೆ. ಬರಬರುತ್ತ ಬಳಚು ಸತ್ತು ಕೆಸರು ನಾರಿತು. ಕಾಂಡ್ಲಾ ಬೇರುಗಳ ನಡುವೆ ಮರಿಮಾಡುತ್ತಿದ್ದ ಮೀನು ಇತ್ತ ಸುಳಿಯಲಿಲ್ಲ. ಜೊತೆಯ ಹೆಂಗಸರು ಬರಿಬುಟ್ಟಿಯಲ್ಲಿ ಮರಳುವುದನ್ನು ಹೊನ್ನಿ ದಿನವೂ ಕಂಡಳು. ಕಾರಣ ಅವಳಿಗೆ ತಿಳಿದಿತ್ತು. ಉಣ್ಣುವ ಬಾಯಿ ಮಾತಾಡಲಿಲ್ಲ.

ನಾಲ್ಕನೆಯ ಶ್ರಾವಣದಲ್ಲಿ ಘಟ್ಟದ ಮೇಲೆ ಮಳೆ ಹುಚ್ಚೆದ್ದು ಸುರಿಯಿತು. ಇಳಿದುಬಂದ ನೀರು ದಂಡೆಗೆ ತಾಗಿ ನಿಂತು ಒಳಗೇ ಏರತೊಡಗಿತು. ತಗ್ಗಿನ ಕೇರಿಯವರು ಮಕ್ಕಳನ್ನು ಎತ್ತಿಕೊಂಡು ಮಾಡು ಹತ್ತಿ ಕೂಗಿದರು. ದಂಡೆ ಕಡಿಯಲು ಗಾಂವಕರ ಒಪ್ಪಲಿಲ್ಲ. ಉಪ್ಪು ಒಳನುಗ್ಗಿದರೆ ಇಡೀ ಊರಿನ ಅನ್ನ ಹೋಗುತ್ತದೆಂದ. ಹೊನ್ನಿ ಹೊಳೆಯ ಕಡೆ ನೋಡಿದಳು. ಕಡಲ ಇಳಿತ ಶುರುವಾಗಿತ್ತು; ಭರತ, ಅಂದರೆ ಉಬ್ಬರ, ಏರುವ ಮೊದಲು ಕಡಿದರೆ ಒಳಗಿನ ನೀರು ಕಡಲಿಗೆ ಹೋಗುತ್ತದೆ. ಹಾರೆ ಹಿಡಿದು ತನ್ನ ಗದ್ದೆಯ ನೇರಕ್ಕೆ ದಂಡೆಯೇರಿದಳು.

"ಎಂತ ಮಾಡ್ತೆ ಹೊನ್ನೀ? ಮೊದಲು ಹೋಗೂದು ನಿನ್ನ ಗದ್ದೆಯೇ!" ಎಂದು ಗಾಂವಕರ ಓಡಿಬಂದ.

"ಗೊತ್ತುಂಟು ಒಡೆಯಾ, ಅದ್ಕೇ ಇಲ್ಲಿ ಕಡೀತೆ. ಬೇರೆಯವರ ಗದ್ದೆ ಕಡಿಯೂಕೆ ನಂಗೆ ಹಕ್ಕಿಲ್ಲ. ಭರತ ತಿರುಗಿದ್ರೆ ಆ ಮಕ್ಕಳು ಉಳಿಯೂದಿಲ್ಲ."

ಹಾರೆ ಕಸಿಯಲು ಬಂದವನು ಒಮ್ಮೆ ಕೇರಿಯ ಕಡೆ ನೋಡಿದ. ಆಮೇಲೆ ತಾನೂ ಗುದ್ದಲಿ ತರಿಸಿಕೊಂಡು ಅವಳ ಪಕ್ಕದಲ್ಲಿ ಕಡಿದ. ನೀರು ಗುಡುಗಿ ಹೊರಬಿತ್ತು. ಹೊನ್ನಿಯ ಹಸಿರು ಪೈರು ಬುಡಸಮೇತ ಅಳಿವೆಗೆ ಹೋಗಿ, ಗದ್ದೆಯಿದ್ದಲ್ಲಿ ಹೊಂಡವಾಯಿತು. ಕೇರಿಯಲ್ಲಿ ಒಂದು ಜೀವವೂ ಹೋಗಲಿಲ್ಲ. ಆ ವರ್ಷ ಊರೆಲ್ಲ ಮತ್ತೆ ಗೆಣಸು ತಿಂದಿತು. ಹೊನ್ನಿ ಮೂರು ದಿನ ದಂಡೆಯ ಮೇಲೆ ಕೂತು ಅತ್ತಳು.

ಬೇಸಿಗೆಯಲ್ಲಿ ಹೊಂಡ ತುಂಬಿಸಲು ಗಾಂವಕರ ಆಳುಗಳನ್ನು ಕರೆತಂದಾಗ ಹೊನ್ನಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಅಂಗೈಯಲ್ಲಿ ಉಗುರಿನಷ್ಟು ಬಳಚಿನ ಮರಿಗಳು. "ತುಂಬಬೇಡಿ" ಎಂದಳು, ಅಷ್ಟೇ. ಅವನು ಬುಟ್ಟಿಗಳನ್ನು ಹಿಂದಕ್ಕೆ ಕಳಿಸಿದ. ಮುಚ್ಚಿಸಿದ್ದ ಕಂಡಿಗಳನ್ನು ಬಿಡಿಸಿ ಹಲಗೆಯ ಬಾಗಿಲಿಡಿಸಿದ. ಕಾಂಡ್ಲಾ ಬೀಜಗಳು ಭರತದ ಬೆನ್ನೇರಿ ತಾವಾಗಿಯೇ ಬಂದವು ಎನ್ನುತ್ತಾರೆ.

ಈಗಲೂ ಇಳಿತದ ಹೊತ್ತಿಗೆ ಹೋದವರಿಗೆ ಅಂಬಿಗರ ಹೆಂಗಸರು ಸೊಂಟಮಟ್ಟದ ನೀರಿನಲ್ಲಿ ಸಾಲಾಗಿ ಬಗ್ಗಿ ಬಳಚು ತೆಗೆಯುವುದು ಕಾಣುತ್ತದೆ. ಬುಟ್ಟಿ ಹಿಡಿದು ಹೊರಟವಳನ್ನು ಎಲ್ಲಿಗೆಂದು ಕೇಳಿದರೆ, ನಗದೆ ಹೇಳುತ್ತಾಳೆ: "ಗದ್ದೆಗೆ."