ನುಗ್ಗೆ ಮರ ಕುಡಿದ ಕಷಾಯ

ಒಂದಾನೊಂದು ಕಾಲದಲ್ಲಿ, ಅಂದ್ರೆ ಈ ಟೀ ಸೊಪ್ಪು ಅನ್ನೋದು ನಮ್ಮ ಸೀಮೆಗೆ ಇನ್ನೂ ಕಾಲಿಡದ ಕಾಲದಲ್ಲಿ, ನಿಮ್ಮಪ್ಪ ಬೆಳಿಗ್ಗೆ ಎದ್ದು ದಾರ ಕಟ್ಟಿದ ಚೀಲಾನ ಬಿಸಿನೀರಿಗೆ ಅದ್ದಿ ಅದ್ದಿ ಎತ್ತುತ್ತಾನಲ್ಲ, ಅದನ್ನ ಯಾರೂ ಕನಸಲ್ಲೂ ಕಾಣದ ಕಾಲದಲ್ಲಿ, ಬಿಳಿಗುಡ್ಡದ ಹಟ್ಟಿ ಅಂತ ಕುರಿಗಾಹಿಗಳ ಊರೊಂದಿತ್ತಂತೆ. ಹೂಂ ಅನ್ನು ಚಿನ್ನಿ. ನೀನು ಹೂಂ ಅಂದ್ರೇನೇ ಕತೆ ಮುಂದಕ್ಕೆ ಹೋಗೋದು.

ಆ ಹಟ್ಟೀಲಿ ಒಂದು ಪದ್ಧತಿ. ಬೇರೆ ಊರಲ್ಲಿ ಹೆಣ್ಣು ನೋಡೋಕೆ ಬಂದ್ರೆ ಹೆಣ್ಣು ತಲೆ ಬಗ್ಗಿಸಿಕೊಂಡು ತಟ್ಟೆ ಹಿಡ್ಕೊಂಡು ಬರ್ತಾಳಲ್ಲ, ಅಲ್ಲಿ ಎಲ್ಲ ತಿರುಗುಮುರುಗು. ಹೆಣ್ಣು ಜಗಲಿ ಮೇಲೆ ಕಾಲು ಚಾಚಿ ಕೂತ್ಕೋಬೇಕು, ಗಂಡು ಅಂಗಳದ ಒಲೆ ಹಚ್ಚಿ ಕಷಾಯ ಕಾಯಿಸಬೇಕು. ಮೂರು ದಿನ, ಮೂರು ಲೋಟ. ಮೊದಲನೇದು ಮನೆ ಹಿರಿಯನಿಗೆ, ಎರಡನೇದು ಸೋದರತ್ತೆಗೆ, ಮೂರನೇದು ಹೆಣ್ಣಿಗೆ. ಹಿಡಿಸಿತೋ, ಲೋಟಾನ ಜಗಲಿ ಮೇಲೆ ಬೋರಲು ಹಾಕ್ತಾರೆ. ಹಿಡಿಸಲಿಲ್ವೋ, ಬೈಯಲ್ಲ, ಮುಖ ಗಂಟು ಹಾಕಲ್ಲ, ಸುಮ್ಮನೆ ಎದ್ದು ಹೋಗಿ ಅಂಗಳದ ನುಗ್ಗೆ ಮರದ ಬುಡಕ್ಕೆ ಸುರಿದು ಬರ್ತಾರೆ. ಮೂರರಲ್ಲಿ ಒಂದು ಬೋರಲಾದ್ರೂ ಮದುವೆ. ಮೂರೂ ಮರಕ್ಕೆ ಹೋದ್ರೆ ಗಂಡು ತಿರುಗಿ ನೋಡದೆ ಊರು ಬಿಡಬೇಕು.

ಯಾಕಜ್ಜಿ ಹಂಗೆ ಅಂತೀಯಾ? ಆ ಹಟ್ಟಿ ಕಟ್ಟಿದ ಮುತ್ತಜ್ಜಿ ಒಂದ್ಸಲ ಜ್ವರ ಬಂದು ಮಲಗಿದಳಂತೆ. ಅವಳ ಗಂಡ ಮುನ್ನೂರು ಕುರೀನ ಹೆಸರು ಹಿಡಿದು ಕರೆಯೋ ಗಟ್ಟಿಗ, ಆದ್ರೆ ಜೀರಿಗೆ ಯಾವ ಗಡಿಗೇಲಿದೆ ಅಂತ ತಿಳೀದೆ ಸಂಜೆ ತನಕ ಹುಡುಕಿದನಂತೆ. ಅವಳು ಎದ್ದು ಕೂತವಳೇ ಈ ಕಟ್ಟಳೆ ಮಾಡಿದಳಂತೆ.

ಇನ್ನು ಗುಡ್ಡದ ಆಚೆ ಊರಲ್ಲಿ ಜುಂಜ ಅಂತ ಒಬ್ಬ ಹುಡುಗ. ಗುಂಡುಕಲ್ಲನ್ನ ಹೆಗಲ ಮೇಲಿಂದ ಹಿಂದಕ್ಕೆ ಎಸೀತಿದ್ದ, ಎಸೆದ ಮೇಲೆ ಯಾರ್ಯಾರು ನೋಡಿದ್ರು ಅಂತ ಸುತ್ತ ಕಣ್ಣು ಹಾಯಿಸ್ತಿದ್ದ. ಮೀಸೆ ಇನ್ನೂ ಸರಿಯಾಗಿ ಬಂದಿರಲಿಲ್ಲ, ಆದ್ರೂ ದಿನಕ್ಕೆ ಹತ್ತು ಸಲ ತಿರುವುತ್ತಿದ್ದ. ಒಂದಿನ ಹಳ್ಳದ ಮಡುವಲ್ಲಿ ಕುರಿ ತೊಳೀತಿರಬೇಕಾದ್ರೆ ಅವನ ಟಗರು ಹಗ್ಗ ಕಿತ್ತುಕೊಂಡು ಓಡ್ತು, ಇವನು ಹಿಂದೆ ಓಡಿ ಕೆಸರಲ್ಲಿ ಬಿದ್ದ. ಆಚೆ ದಡದಲ್ಲಿ ಒಬ್ಬಳು ಹುಡುಗಿ ಒಂದೇ ಕೈಲಿ ಆ ಟಗರಿನ ಕೊಂಬು ಹಿಡಿದು ನಿಲ್ಲಿಸಿ ಕೇಳಿದಳಂತೆ, ಅಯ್ಯಾ, ಈ ಟಗರು ನಿಂದಾ, ಇಲ್ಲ ನೀನು ಈ ಟಗರಿಂದಾ ಅಂತ.

ಅವಳೇ ಬಿಳಿಗುಡ್ಡದ ಹಟ್ಟಿ ಮಾಳವ್ವ. ಅವತ್ತಿಂದ ಜುಂಜನಿಗೆ ಅನ್ನ ರುಚಿಸಲಿಲ್ಲ, ಗುಂಡುಕಲ್ಲು ಎತ್ತೋಕೂ ಮನಸ್ಸಾಗಲಿಲ್ಲ. ಅವನಿಗೆ ಅವಳೇ ಬೇಕು. ಅವ್ವ ಅಂದಳು, ಲೋ ಮಗನೇ, ಆ ಮನೇಲಿ ಈಗಾಗಲೇ ಹನ್ನೊಂದು ಗಂಡುಗಳ ಕಷಾಯ ಮರ ಕುಡಿದಿದೆಯಂತೆ ಕಣೋ. ಅದಕ್ಕಿವನು, ಅವರೆಲ್ಲ ಗಂಡುಗಳೇನವ್ವಾ, ನೀರು ಕಾಯಿಸೋಕೆ ಬರದೋರು, ನಾನು ಕಾಯಿಸಿದ್ರೆ ಮರಾನೂ ಬಾಯಿ ಚಪ್ಪರಿಸಬೇಕು ನೋಡ್ತಿರು ಅಂದ, ಹೆಗಲಿಗೊಂದು ಜೋಳಿಗೆ ಹಾಕ್ಕೊಂಡು, ಟಗರನ್ನೂ ಹೊಡ್ಕೊಂಡು ಹೊರಟೇಬಿಟ್ಟ.

ಮೊದಲನೇ ದಿನ ಕಾಟಜ್ಜನ ಸರದಿ. ಕಾಟಜ್ಜ ಅಂದ್ರೆ ಮಾಳವ್ವನ ತಾತ, ಆ ಗುಡ್ಡದಿಂದ ಈ ಗುಡ್ಡಕ್ಕೆ ಕುರಿ ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಕೂತಿದ್ದ. ಜುಂಜ ಜೋಳಿಗೆ ಬಿಚ್ಚಿದ. ಶುಂಠಿ ಹಾಕಿದ, ಮೆಣಸು ಹಾಕಿದ, ಆಮೇಲೆ ಓಮ, ಆಮೇಲೆ ಮೆಂತ್ಯ, ಆಮೇಲೆ ತುಳಸಿ, ಅಮೃತಬಳ್ಳಿ, ನೆಲಬೇವು, ಅರಿಶಿನ, ಲವಂಗ, ಕೈಗೆ ಸಿಕ್ಕಿದ್ದೆಲ್ಲ ಹಾಕಿದ, ಎಣಿಸಿದ್ರೆ ಹದಿನೆಂಟು ಬಾಬತ್ತು. ಸೌಟು ತಿರುವುತ್ತಾ ಅಂದ, ತಾತ, ಹದಿನೆಂಟು ಬಾಬತ್ತು! ಇದನ್ನ ಕುಡಿದ್ರೆ ನೀನು ನಾಳೆ ನನ್ನ ಜೊತೆ ಗುಂಡುಕಲ್ಲು ಎತ್ತುತ್ತೀಯ.

ಪಕ್ಕದಲ್ಲಿದ್ದ ಸೋದರತ್ತೆ ಪಾಲಮ್ಮ, ನೀನು ರುಚಿ ನೋಡಿದೆಯಾ ಅಂತ ಕೇಳಿದಳು. ನಾನು ಮಾಡಿದ್ದನ್ನ ನಾನ್ಯಾಕತ್ತೆ ನೋಡಲಿ, ಕೆಡೋ ಮಾತೇ ಇಲ್ಲ ಅಂದುಬಿಟ್ಟ.

ಕಾಟಜ್ಜ ಒಂದು ಗುಟುಕು ಬಾಯಿಗೆ ಹಾಕ್ಕೊಂಡ. ಕಣ್ಣು ದಪ್ಪ ಆಯ್ತು, ಕಿವಿ ಕೆಂಪಾಯ್ತು, ಬಾಯಲ್ಲಿದ್ದದ್ದನ್ನ ನುಂಗಲೋ ಉಗುಳಲೋ ತಿಳೀದೆ ಸ್ವಲ್ಪ ಹೊತ್ತು ಹಂಗೇ ಕೂತಿದ್ದ. ಆಮೇಲೆ ಕೋಲು ಊರಿಕೊಂಡು ಎದ್ದ, ನುಗ್ಗೆ ಮರದ ಹತ್ರ ಹೋದ, ಚೊರ್ ಅಂತ ಸುರಿದು ಬಂದ. ಜಗಲಿ ಮೇಲೆ ಮಾಳವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

ಜುಂಜನಿಗೆ ಮುಖ ಎತ್ತೋಕಾಗಲಿಲ್ಲ, ಹೋಗಿ ಮರದ ಬುಡದಲ್ಲಿ ಕೂತ. ಆಗ ಯಾರೋ ಖೊಕ್ ಖೊಕ್ ಅಂತ ಕೆಮ್ಮಿದರಂತೆ. ನೋಡಿದ್ರೆ ನುಗ್ಗೆ ಮರ!

ಅಯ್ಯೋ ನಿನ್ನ ಕೈ ಸೇದಿಹೋಗ, ಏನು ಕುಡಿಸಿದೆಯೋ ಅಂತು ಮರ, ಹನ್ನೊಂದು ಗಂಡುಗಳ ಕಷಾಯ ಕುಡಿದಿದೀನಿ, ಇಂಥದ್ದು ಕುಡಿದಿರಲಿಲ್ಲ, ಬೇರೆಲ್ಲ ಉರೀತಾ ಇದೆ. ಜುಂಜ ಸಿಟ್ಟಿಂದ, ನಿಂಗೇನು ಗೊತ್ತು, ಹದಿನೆಂಟು ಬಾಬತ್ತು ಹಾಕಿದೀನಿ ಅಂದ. ಅದಕ್ಕೆ ಮರ, ಹದಿನೆಂಟು ಜನ ಒಟ್ಟಿಗೇ ಬಾಯಿ ಮಾಡಿದ್ರೆ ಯಾರ ಮಾತು ಕೇಳಿಸುತ್ತೋ ಹುಚ್ಚಪ್ಪ, ಗಂಟಲು ಕಟ್ಟಿದ ಮುದುಕನಿಗೆ ನಾಕು ತುಳಸಿ, ಎರಡು ಕಾಳು ಮೆಣಸು, ಒಂದು ಚೂರು ಬೆಲ್ಲ, ಅಷ್ಟು ಸಾಕಾಗಿತ್ತು ಅಂತಂತೆ.

ಹೂಂ ಅಂದೆಯಾ? ಕೇಳಿಸಲಿಲ್ಲ. ಹಾಂ, ಜಾಣೆ.

ಎರಡನೇ ದಿನ ಪಾಲಮ್ಮನ ಸರದಿ. ಹಿಂದಿನ ದಿನ ನಾಮಕರಣದ ಊಟಕ್ಕೆ ಹೋಗಿ ಹೋಳಿಗೆ ಹೆಚ್ಚಾಗಿ ಹೊಟ್ಟೆ ಬಿಗಿದುಕೊಂಡು ಕೂತಿದ್ದಳು ಪುಣ್ಯಾತ್ಗಿತ್ತಿ. ಜುಂಜ ಇವತ್ತು ಮೂರೇ ಮೂರು ಬಾಬತ್ತು ತಗೊಂಡ, ಪುದೀನ, ದೊಡ್ಡಪತ್ರೆ, ನಿಂಬೆ ಘಮದ ಮಜ್ಜಿಗೆ ಹುಲ್ಲು. ಆರಿಸಿದ್ದೇನೋ ಸರಿ ಇತ್ತು. ಆದ್ರೆ ನಮ್ಮ ಹುಡುಗ ಅಲ್ವಾ, ಸಣ್ಣ ಉರಿ ಅಂದ್ರೆ ಅವನಿಗೆ ಅವಮಾನ. ಬಾಡೂಟಕ್ಕೆ ಹಚ್ಚೋ ಹಂಗೆ ಸೌದೆ ತುಂಬಿ, ಗಡಿಗೆ ಬಾಯಿ ತೆರೆದಿಟ್ಟು, ಕೊತ ಕೊತ ಕುದಿಸಿದ. ಆಹಾ, ಏನು ಘಮ! ಆಚೆ ಮನೆಯೋಳು ಬಾಗಿಲಿಗೆ ಬಂದಳು, ಈಚೆ ಮನೆಯೋನು ಮೂಗು ಮೇಲೆ ಮಾಡಿ ನಿಂತ, ಕಟ್ಟಿ ಹಾಕಿದ್ದ ಕುರಿಗಳು ಕೂಡ ಮೇವು ಬಿಟ್ಟು ತಿರುಗಿ ನೋಡಿದವಂತೆ. ಜುಂಜ ಮೀಸೆ ತಿರುವಿ, ನೋಡಿದ್ರಾ ಅಂದ.

ಪಾಲಮ್ಮ ಒಂದು ಗುಟುಕು ಕುಡಿದು ನಾಲಿಗೆ ಚಪ್ಪರಿಸಿದಳು, ಇನ್ನೊಂದು ಗುಟುಕು ಕುಡಿದಳು, ಲೋಟದೊಳಗೆ ಇಣುಕಿ ನೋಡಿದಳು. ಅಪ್ಪಾ ಜುಂಜಪ್ಪ, ಘಮವನ್ನೆಲ್ಲ ಬೀದಿಗೆ ಬಡಿಸಿ ನನಗೆ ಹುಲ್ಲು ಬೇಯಿಸಿದ ನೀರು ಕೊಟ್ಟೆಯಲ್ಲೋ ಅಂದವಳೇ, ಹೊಟ್ಟೆ ಹಿಡ್ಕೊಂಡು ನಡೆದು ಹೋಗಿ ಮರಕ್ಕೆ ಸುರಿದಳು.

ಎರಡು ಹೋಯ್ತು, ಉಳಿದದ್ದು ಒಂದು. ಅವತ್ತು ಮರದ ಹತ್ರ ಕೂತ ಜುಂಜ ಮೀಸೆ ತಿರುವಲಿಲ್ಲ. ಮರವೇ, ತಪ್ಪಾಯ್ತು, ನಿನ್ನ ಬೇರು ಸುಟ್ಟಿದ್ದಕ್ಕೂ ತಪ್ಪಾಯ್ತು, ನಾಳೆ ಸೋತರೆ ಅವಳ ಮುಖ ಮತ್ತೆ ನೋಡೋ ಹಂಗಿಲ್ಲ, ಏನಾದ್ರೂ ಹೇಳು ಅಂದ. ಹುಟ್ಟಿದ ಮೇಲೆ ಅವನು ತಪ್ಪಾಯ್ತು ಅಂದದ್ದು ಅದೇ ಮೊದಲಂತೆ.

ಮರಕ್ಕೆ ಕನಿಕರ ಬಂತು. ಕೇಳು, ಕಷಾಯಕ್ಕೆ ಹಾಕೋ ಬೇರು ಗಟ್ಟಿ ಜೀವ, ಅದನ್ನ ಜಜ್ಜಿ, ಎರಡು ಲೋಟ ನೀರು ಒಂದು ಲೋಟಕ್ಕೆ ಇಳಿಯೋ ತನಕ ಕುದಿಸು. ಬೀಜಾನ ಬೆಚ್ಚಗೆ ಹುರಿದು, ತರಿತರಿಯಾಗಿ ಕುಟ್ಟಿ, ಎರಡು ಕುದಿ ಬರಿಸು. ಎಲೆ ಮಾತ್ರ ಕೂಸು, ಅದನ್ನ ಬೆಂಕಿ ಮೇಲೆ ಇಡಬೇಡ, ಗಡಿಗೆ ಇಳಿಸಿದ ಮೇಲೆ ಹಾಕಿ ಮುಚ್ಚಳ ಮುಚ್ಚು, ಇಪ್ಪತ್ತು ಕುರಿ ಹೆಸರು ಮನಸ್ಸಲ್ಲೇ ಹೇಳಿಕೊಳ್ಳೋ ತನಕ ತೆಗೀಬೇಡ ಅಂತು.

ಸರಿ, ನಾಳೆ ಯಾವುದು ಹಾಕಲಿ ಅಂತ ಜುಂಜ ಕೇಳಿದ. ಅದಕ್ಕೆ ಮರ ಎಲೆಗಳನ್ನೆಲ್ಲ ಗಲಗಲ ಅಲ್ಲಾಡಿಸಿ ನಕ್ಕಿತಂತೆ. ನಾನು ಮರ ಕಣಯ್ಯಾ, ನನಗೆ ತಲೆನೋವು ಬರುತ್ತಾ, ಹೊಟ್ಟೆ ಉಬ್ಬರ ಬರುತ್ತಾ? ಕುಡಿಯೋಳು ಅಲ್ಲಿ ಕೂತಿದಾಳೆ, ಅವಳನ್ನ ಕೇಳು.

ಮೂರನೇ ದಿನ ಊರೆಲ್ಲ ಅಂಗಳದಲ್ಲಿ ನೆರೆದಿತ್ತು. ಜುಂಜ ಕೈ ಹಿಂದೆ ಕಟ್ಟಿಕೊಂಡು ಜಗಲಿ ಹತ್ರ ಬಂದ. ಆ ಕೈಲಿ ಏನಿತ್ತು ಗೊತ್ತಾ? ಅವರೂರಿಂದ ತಂದ ಶುಂಠಿ, ಅಂಗೈ ಅಗಲ, ಸೀಮೇಗೇ ಸಿಗದಂಥದ್ದು, ಕೊನೇ ದಿನಕ್ಕೆ ಅಂತಲೇ ಬಚ್ಚಿಟ್ಟಿದ್ದ. ಬಂದವನು ಮೆಲ್ಲಗೆ ಕೇಳಿದ, ಮಾಳವ್ವ, ಇವತ್ತು ನಿನಗೆ ಹೆಂಗಿದೆ ಅಂತ.

ಮಾಳವ್ವನ ನಗು ನಿಂತುಹೋಯ್ತು. ಹನ್ನೊಂದು ಗಂಡು ಬಂದು ಹೋಗಿದ್ರು, ಒಬ್ಬ ಏಲಕ್ಕಿ ತೂಕ ಹೇಳಿದ್ದ, ಒಬ್ಬ ಕೇಸರಿ ತೋರಿಸಿದ್ದ, ಇದನ್ನ ಮಾತ್ರ ಒಬ್ಬರೂ ಕೇಳಿರಲಿಲ್ಲ. ಚಾಚಿದ ಕಾಲು ಮಡಚಿಕೊಂಡು ಹೇಳಿದಳು, ರಾತ್ರಿ ಕುರಿ ಈಯ್ತು, ನಿದ್ದೆ ಇಲ್ಲ, ಕಣ್ಣು ಉರಿ, ಅಂಬಲಿ ಕುಡಿಯೋಕೂ ಬಾಯಿ ಒಪ್ಪಲ್ಲ. ಮತ್ತೆ ಒಂದು ಮಾತು, ಶುಂಠಿ ಅಂದ್ರೆ ನನಗಾಗಲ್ಲ.

ಜುಂಜ ಹಿಂದಿನ ಕೈಲಿದ್ದ ಶುಂಠೀನ ಮೆತ್ತಗೆ ನೆಲಕ್ಕೆ ಬಿಟ್ಟ. ಅದನ್ನ ಪಕ್ಕದಲ್ಲಿದ್ದ ಟಗರು ಮೂಸಿ ನೋಡಿ ಆಕ್ಷೀ ಅಂತಂತೆ.

ಆಮೇಲೆ ಒಂದು ಹಿಡಿ ಕೊತ್ತಂಬರಿ ಬೀಜ, ಅದರ ಕಾಲು ಭಾಗ ಜೀರಿಗೆ ತಗೊಂಡು, ಸಣ್ಣ ಉರೀಲಿ ಘಮ್ಮನ್ನೋ ತನಕ ಹುರಿದು, ತರಿತರಿಯಾಗಿ ಕುಟ್ಟಿ, ನೀರಿಗೆ ಹಾಕಿ ಎರಡು ಕುದಿ ಬರಿಸಿದ. ಒಂದು ಚೂರು ಬೆಲ್ಲ ಹಾಕಿದ. ಗಡಿಗೆ ಇಳಿಸಿ, ಮಜ್ಜಿಗೆ ಹುಲ್ಲಿನ ಎರಡು ಎಸಳು ಗಂಟು ಹಾಕಿ ಒಳಗೆ ಬಿಟ್ಟು, ಮುಚ್ಚಳ ಮುಚ್ಚಿ ಕೂತ. ಊರೋರು, ಏನಯ್ಯಾ, ಬಾಯಿ ಬಿದ್ದುಹೋಯ್ತಾ ಅಂದ್ರು. ಮಾತಾಡಲಿಲ್ಲ. ಬೆಂಕಿ ಆರಿತಲ್ಲೋ ಜುಂಜಪ್ಪ ಅಂದ್ರು. ಊಹೂಂ. ಒಳಗೊಳಗೇ ಕರಿಕಿವಿ, ಬಿಳಿಮೂತಿ, ಕುಂಟಿ, ಚುಕ್ಕಿ ಅಂತ ಇಪ್ಪತ್ತು ಕುರಿ ಹೆಸರು ಹೇಳಿಕೊಂಡ. ಗುಂಡುಕಲ್ಲಿಗಿಂತ ಭಾರ ಅದು ಅವನಿಗೆ, ಸುಮ್ಮನೆ ಕೂರೋದು. ಆಮೇಲೆ ಮುಚ್ಚಳ ತೆಗೆದು, ಸೋಸಿ, ತನ್ನ ಲೋಟಕ್ಕೆ ಮೊದಲು ಬಗ್ಗಿಸಿಕೊಂಡು ಒಂದು ಗುಟುಕು ರುಚಿ ನೋಡಿದ, ತಲೆ ಆಡಿಸಿದ, ಅವಳ ಲೋಟ ತುಂಬಿ ಕೊಟ್ಟ.

ಮಾಳವ್ವ ಊದಿ ಊದಿ ಕುಡಿದಳು. ಒಂದು ಗುಟುಕಿಗೆ ಹುಬ್ಬು ಇಳೀತು, ಇನ್ನೊಂದಕ್ಕೆ ಹೆಗಲು ಇಳೀತು, ಕೊನೇ ಗುಟುಕಿಗೆ ಕಣ್ಣು ಮುಚ್ಚಿದಳು. ಲೋಟ ಖಾಲಿ. ಆದ್ರೆ ಬೋರಲು ಹಾಕಲಿಲ್ಲ! ಎದ್ದು ಮರದ ಕಡೇಗೂ ಹೋಗಲಿಲ್ಲ. ಊರೋರೆಲ್ಲ ಗುಸುಗುಸು. ಕಾಟಜ್ಜ ಕಟ್ಟಿದ ಗಂಟಲಲ್ಲೇ, ಏನವ್ವಾ ಮೊಮ್ಮಗಳೇ, ಹಂಗೋ ಹಿಂಗೋ ಒಂದು ಹೇಳು ಅಂದ.

ಮಾಳವ್ವ ಖಾಲಿ ಲೋಟಾನ ಜುಂಜನ ಮುಂದೆ ಚಾಚಿದಳು. ಬೋರಲು ಹಾಕಿದ್ರೆ ಸಾಕು ಅಂತ ತಾನೇ ತಾತ ಅರ್ಥ, ನನಗೆ ಸಾಕು ಅನ್ನಿಸಲಿಲ್ಲ, ಇನ್ನೊಂದು ಬೇಕು ಅಂದಳಂತೆ.

ಗಡಿಗೇಲಿ ಏನೂ ಉಳಿದಿರಲಿಲ್ಲ. ಜುಂಜ ತನ್ನ ಲೋಟದಲ್ಲಿದ್ದದ್ದನ್ನೇ ಅವಳ ಲೋಟಕ್ಕೆ ಬಗ್ಗಿಸಿದ. ಹಟ್ಟಿಯೋರೆಲ್ಲ ಹೋ ಅಂತ ಕೂಗಿದ್ರು, ಟಗರೂ ಕೂಗಿತು.

ಆಮೇಲೆ ಮದುವೆ ಆಯ್ತು. ಜುಂಜ ದಿನಾ ಸಂಜೆ ಒಲೆ ಮುಂದೆ ಕೂತು, ಇವತ್ತು ಹೆಂಗಿದೀರಿ ಅಂತ ಒಬ್ಬೊಬ್ಬರನ್ನೇ ಕೇಳಿ, ಕಾಟಜ್ಜನಿಗೆ ತುಳಸಿ, ಪಾಲಮ್ಮತ್ತೆಗೆ ಪುದೀನ, ಮಾಳವ್ವನಿಗೆ ಅವಳು ಕೇಳಿದ್ದು, ಹಂಗೆ ಮಾಡಿ ಕೊಡ್ತಿದ್ದನಂತೆ. ಜಂಬ ಬಿಟ್ಟನಾ ಅಂದ್ರೆ ಬಿಡಲಿಲ್ಲ, ಹದಿನಾಲ್ಕು ಹಳ್ಳೀಲಿ ನನ್ನಂಗೆ ಮುಚ್ಚಳ ಮುಚ್ಚೋನು ಇಲ್ಲ ಅಂತಿದ್ದನಂತೆ. ಒಂದೇ ಬೇಜಾರು ನುಗ್ಗೆ ಮರಕ್ಕೆ. ಕುಡಿಸೋರಿಲ್ಲದೆ ಮುನಿಸಿಕೊಂಡು ಆ ವರ್ಷ ಕಾಯಿ ಬಿಡಲಿಲ್ಲವಂತೆ, ಆಮೇಲೆ ಜುಂಜ ದಿನಾ ಅದಕ್ಕೂ ಅರ್ಧ ಲೋಟ ಎರೆದ ಮೇಲೆ ಮೊಳದುದ್ದ ಕಾಯಿ ಬಿಡ್ತಂತೆ.

ಅಲ್ಲಿಗೆ ಅವರು ಅಲ್ಲಿ ಬೆಚ್ಚಗೆ, ನಾವು ಇಲ್ಲಿ ಬೆಚ್ಚಗೆ. ಮಲಗು ಇನ್ನು.

ಏನು? ಇನ್ನೊಂದು ಬೇಕಾ? ಅಯ್ಯೋ ನನ್ನ ಮಾಳವ್ವ! ಬೋರಲು ಹಾಕೇ ಲೋಟಾನ, ಕತೆ ಗಡಿಗೆ ಬರಿದಾಯ್ತು, ಕತೆ ಮುಗೀತು.